ಚಿಕ್ಕಬೆಟ್ಟದ ನಿಸಿದಿಗಳೂ ನಮ್ಮ ಸೀಮೆಯ ಒಂದು ಕಲ್ಲೂ

2019ರ ಬೇಸಗೆಯಲ್ಲಿ ಮಗಳ ಮನೆಯಲ್ಲಿ ಕೆಲವು ವಾರ ಇರುವ ಸಲುವಾಗಿ ಐರ್ಲೆಂಡ್ ದೇಶದ ಡಬ್ಲಿನ್ ನಗರಕ್ಕೆ ಹೋಗಿದ್ದೆ. ದುದ್ದದ ಅಂಗಡಿಯ ಬೀಗದ ಕೈಯನ್ನು ತಮ್ಮನಿಗೆ ಒಪ್ಪಿಸಿ ಅಷ್ಟು ದಿನ ಊರು ಬಿಟ್ಟದ್ದು ಅದೇ ಮೊದಲು. ಒಂದು ಭಾನುವಾರ ಅಳಿಯಂದಿರು ನನ್ನನ್ನು ಗ್ಲಾಸ್ನೆವಿನ್ ಎಂಬಲ್ಲಿಗೆ ಕರೆದುಕೊಂಡು ಹೋದರು. ಅದು ಉದ್ಯಾನವೆಂದು ಭಾವಿಸಿ ಹೊರಟವನಿಗೆ ಅಲ್ಲಿಗೆ ಹೋದ ಮೇಲೆ ತಿಳಿದದ್ದು ಅದು ಸ್ಮಶಾನವೆಂದು. ಮನೆಗೆ ಬಂದ ಹಿರಿಯರನ್ನು ಸ್ಮಶಾನ ನೋಡಲು ಕರೆದೊಯ್ಯುವ ಪದ್ಧತಿ ನಮ್ಮ ಕಡೆ ಇಲ್ಲ. ಆದರೂ ಹೋದದ್ದು ಒಳ್ಳೆಯದೇ ಆಯಿತು.

ಕ್ಯಾಥೊಲಿಕರ ಹಕ್ಕುಗಳಿಗಾಗಿ ಹೋರಾಡಿದ ಡೇನಿಯಲ್ ಓಕಾನೆಲ್ ಎಂಬ ಮಹನೀಯರ ಪ್ರಯತ್ನದಿಂದ 1832ರಲ್ಲಿ ಆ ಭೂಮಿ ತೆರೆಯಿತಂತೆ. ಎಲ್ಲ ಮತದವರಿಗೂ, ಯಾವ ಮತಕ್ಕೂ ಸೇರದವರಿಗೂ ಅಲ್ಲಿ ಜಾಗವುಂಟು. ಇದುವರೆಗೆ ಹತ್ತು ಲಕ್ಷಕ್ಕೂ ಮಿಕ್ಕ ಜನ ಅಲ್ಲಿ ಮಣ್ಣಾಗಿದ್ದಾರೆ. ಓಕಾನೆಲ್ ಅವರ ಸಮಾಧಿಯ ಮೇಲೆ ಎತ್ತರವಾದ ದುಂಡು ಗೋಪುರ. ಸ್ವರಾಜ್ಯಕ್ಕಾಗಿ ವಾದಿಸಿ 1891ರಲ್ಲಿ ತೀರಿಕೊಂಡ ಪಾರ್ನೆಲ್, 1922ರ ಅಂತರ್ಯುದ್ಧದಲ್ಲಿ ಗುಂಡಿಗೆ ಬಲಿಯಾದ ಮೈಕೆಲ್ ಕಾಲಿನ್ಸ್, ಅದೇ ಯುದ್ಧದಲ್ಲಿ ಕಾಲಿನ್ಸರ ಎದುರು ಪಕ್ಷದಲ್ಲಿದ್ದು 1975ರವರೆಗೆ ಬಾಳಿದ ಡಿ ವಲೇರಾ, ಇವರೆಲ್ಲರೂ ಒಂದೇ ಆವರಣದಲ್ಲಿ ಇದ್ದಾರೆ. ಬದುಕಿದ್ದಾಗ ಕೂಡದವರನ್ನು ಮಣ್ಣು ಕೂಡಿಸಿದೆ. ಹೆಸರಿನ ಕಲ್ಲು ಇಲ್ಲದವರೂ ಅಸಂಖ್ಯ. 1845ರಿಂದ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಬಂದ ಮಹಾಕ್ಷಾಮದಲ್ಲಿ ಆ ದೇಶದ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಹಾಸನದ ಸೀಮೆಯಲ್ಲಿ ಆಲೂಗೆಡ್ಡೆಯ ವ್ಯಾಪಾರ ಕಂಡವನಾದ್ದರಿಂದ ಈ ಮಾತು ನನ್ನ ಮನಸ್ಸಿಗೆ ಬೇಗ ನಾಟಿತು. ಅಂಗಮಾರಿ ತಗುಲಿದ ಗೆಡ್ಡೆಯ ವಾಸನೆ ನನಗೆ ಗೊತ್ತು.

ಹಿಂದಿರುಗುವಾಗ ಅಳಿಯಂದಿರು ಹೇಳಿದರು: "ಮಾವ, ಹೀಗೆ ಒಂದು ಕಡೆ ನಿಂತು ನಾಡಿನ ಚರಿತ್ರೆಯನ್ನೆಲ್ಲ ಓದುವ ಅನುಕೂಲ ನಮಗಿಲ್ಲ ನೋಡಿ. ನಾವು ಸುಟ್ಟು ಬೂದಿಯನ್ನು ಹೊಳೆಗೆ ಬಿಟ್ಟುಬಿಡುತ್ತೇವೆ." ನಾನು ಹೌದೆಂದೆ. ರಾತ್ರಿ ಮಲಗಿದ ಮೇಲೆ, ಹೌದೆಂದದ್ದು ತಪ್ಪೆಂದು ಹೊಳೆಯಿತು. ಶ್ರವಣಬೆಳ್ಗೊಳದ ಚಿಕ್ಕಬೆಟ್ಟವನ್ನು ಎಷ್ಟು ಸಲ ಹತ್ತಿದ್ದೇನೆಂದು ಲೆಕ್ಕವಿಟ್ಟಿಲ್ಲ. ಆದರೆ ಪ್ರತಿ ಸಲವೂ ಬಸದಿಗಳ ದರ್ಶನ ಮುಗಿಸಿ, ಕಾಲಡಿಯ ಬಂಡೆಯನ್ನು ದಾಟಿಕೊಂಡು ಇಳಿದುಬಿಟ್ಟಿದ್ದೆ.

ನಮ್ಮ ಜನರಲ್ಲಿ ಬಹುಪಾಲು ಮಂದಿ ದೊಡ್ಡಬೆಟ್ಟದ ಬಾಹುಬಲಿ ಸ್ವಾಮಿಯ ದರ್ಶನ ಮಾಡಿ, ಕಾಲಲ್ಲಿ ಶಕ್ತಿ ಉಳಿದಿದ್ದರೆ ಮಾತ್ರ ಚಿಕ್ಕಬೆಟ್ಟಕ್ಕೆ ಹೋಗುತ್ತಾರೆ. ವಾಸ್ತವವಾಗಿ ಕ್ಷೇತ್ರದ ಹಿರಿಮೆ ಆರಂಭವಾದದ್ದು ಚಿಕ್ಕಬೆಟ್ಟದಿಂದ. 981ರಲ್ಲಿ ಚಾವುಂಡರಾಯನು ವಿಗ್ರಹವನ್ನು ಮಾಡಿಸುವುದಕ್ಕೆ ಮುನ್ನೂರು ವರ್ಷಕ್ಕೂ ಹಿಂದೆಯೇ ಕಟವಪ್ರ, ಕಳ್ಬಪ್ಪು ಎಂಬ ಹೆಸರಿನಿಂದ ಅದು ಸಮಾಧಿಮರಣದ ಬೆಟ್ಟವಾಗಿತ್ತು. ಬಿ. ಎಲ್. ರೈಸ್ ಅವರು 1889ರಲ್ಲಿ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573 ಇವೆ: ಚಿಕ್ಕಬೆಟ್ಟದಲ್ಲಿ 271, ದೊಡ್ಡಬೆಟ್ಟದಲ್ಲಿ 172, ಊರಿನಲ್ಲಿ 80, ಸುತ್ತಣ ಹಳ್ಳಿಗಳಲ್ಲಿ 50. ನಾನು ಬಿ.ಕಾಂ. ಓದಿದ ವ್ಯಾಪಾರಿ, ಹಳಗನ್ನಡವನ್ನು ನಿಘಂಟು ಎದುರಿಗಿಟ್ಟುಕೊಂಡು ತಡವರಿಸುತ್ತ ಓದುವವನು. ಆದರೆ ಕೂಡಿದ ಮೊತ್ತ ತಾಳೆಯಾದರೆ ನನಗೊಂದು ಸಮಾಧಾನ.

ಆ ಬೆಟ್ಟದ ಕತೆಯೂ ಕ್ಷಾಮದಿಂದಲೇ ಮೊದಲಾಗುತ್ತದೆ. ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 600ರಲ್ಲಿ ಕೊರೆದ ಸಂಸ್ಕೃತ ಶಾಸನವೊಂದಿದೆ. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ವಿಪತ್ತು ಬರಲಿದೆಯೆಂದು ಭದ್ರಬಾಹುಸ್ವಾಮಿಗಳು ತಿಳಿದು ಹೇಳಿದ್ದು, ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟದ್ದು, ಪ್ರಭಾಚಂದ್ರರೆಂಬ ಆಚಾರ್ಯರು ಕಟವಪ್ರದಲ್ಲಿ ಸಮಾಧಿ ಹೊಂದಿದ್ದು, ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅದೇ ದಾರಿ ಹಿಡಿದದ್ದು ಅದರ ವಿಷಯ. ಚಂದ್ರಗುಪ್ತನ ವಿಚಾರದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನಾನು ಆ ಚರ್ಚೆಗೆ ಇಳಿಯುವುದಿಲ್ಲ. ಅನ್ನ ಹುಡುಕಿಕೊಂಡು ಬಂದವರ ಸಂತತಿಯು ಅನ್ನ ಬಿಡುವುದನ್ನು ಕಲಿತ ಬೆಟ್ಟ ಇದು ಎಂಬುದಷ್ಟೇ ಡಬ್ಲಿನ್ನಿನಿಂದ ಬಂದ ಮೇಲೆ ನನ್ನನ್ನು ಮತ್ತೆ ಮತ್ತೆ ಕಾಡಿದ ಮಾತು.

ನಿಸಿದಿ ಎಂಬುದು ಗೋರಿಯಲ್ಲ. ಸಾಮಾನ್ಯವಾಗಿ ಅದರ ಅಡಿಯಲ್ಲಿ ಶರೀರವಿಲ್ಲ. ಶರೀರವನ್ನು ಇಂತಹ ಗುರುವಿನ ಬಳಿ, ಇಂತಹ ವ್ರತದಿಂದ, ಇಂತಹ ಕಡೆ ಬಿಟ್ಟರು ಎಂಬ ನೆನಪಿನ ಗುರುತು ಅದು. ಏಳು ಎಂಟನೆಯ ಶತಮಾನದ ಬರಹಗಳಲ್ಲಿ ಹೆಚ್ಚಿನವು ನಾಲ್ಕೈದು ಸಾಲಿನವು: ಹೆಸರು, ಸಂಘ ಅಥವಾ ಗುರುವಿನ ಹೆಸರು, ಎಷ್ಟು ಕಾಲದ ವ್ರತ, ಮುಡಿಪಿದರು. ನಾಗಮತಿ ಗಂತಿ, ಶಶಿಮತಿ ಗಂತಿ, ಅನಂತಮತಿ ಗಂತಿ ಎಂದು ಕಂತಿಯರ ಹೆಸರುಗಳು ಮುನಿಗಳ ಹೆಸರಿನಷ್ಟೇ ಸಹಜವಾಗಿ ಬರುತ್ತವೆ. ಸ್ತ್ರೀಯರ ಹೆಸರು ಇಷ್ಟು ಸಂಖ್ಯೆಯಲ್ಲಿ, ಯಾರ ಹೆಂಡತಿ, ಯಾರ ಮಗಳು ಎಂಬ ಹಂಗಿಲ್ಲದೆ ಅಷ್ಟು ಹಿಂದೆ ಬರೆದಿಟ್ಟ ಸ್ಥಳ ಕನ್ನಡನಾಡಿನಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ. ಸಂಪತ್ತೂ ರೂಪವೂ ಮಳೆಬಿಲ್ಲಿನಂತೆ, ಮಿಂಚಿನಂತೆ ಕರಗುವುದನ್ನು ಕಂಡು ಸನ್ಯಸನ ಕೈಕೊಂಡ ನಂದಿಸೇನಮುನಿಯ ಪದ್ಯವಂತೂ ಕನ್ನಡದ ಅತಿ ಹಳೆಯ ಪದ್ಯಗಳಲ್ಲಿ ಸೇರುತ್ತದೆ. ನಮ್ಮ ಭಾಷೆಯ ಕಾವ್ಯ ನಮಗೆ ದೊರಕುವುದು ಹೀಗೆ ಮರಣದ ಬಂಡೆಯ ಮೇಲೆ.

ಮುಂದೆ ರಾಜರು ಬರುತ್ತಾರೆ. ಬೆಟ್ಟದ ಸುತ್ತುಗೋಡೆಯ ದಕ್ಷಿಣ ಬಾಗಿಲಲ್ಲಿ ನಿಂತಿರುವ ಕೂಗೆ ಬ್ರಹ್ಮದೇವರ ಕಂಬವು ಗಂಗರ ಎರಡನೆಯ ಮಾರಸಿಂಹನ ನೆನಪು. ಕಂಬದ ತುಂಬ ಅವನ ಗೆಲುವುಗಳ ಪಟ್ಟಿ. ಓದಿ ಮುಗಿಸುವಾಗ ಅವನು ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನದ ವ್ರತದಿಂದ 974ರಲ್ಲಿ ಸಮಾಧಿ ಹೊಂದಿದ ಸಂಗತಿ. ಹಿಂದಿನ ವರ್ಷವೇ ಚಾಲುಕ್ಯ ತೈಲಪನು ರಾಷ್ಟ್ರಕೂಟರ ರಾಜ್ಯವನ್ನು ಕಿತ್ತುಕೊಂಡಿದ್ದ. ಆ ಮನೆತನವನ್ನು ಮತ್ತೆ ನಿಲ್ಲಿಸಲು ಮಾರಸಿಂಹನು ಯಾರಿಗೆ ಪಟ್ಟ ಕಟ್ಟಿಸಿದ್ದನೋ ಆ ನಾಲ್ಕನೆಯ ಇಂದ್ರನೂ 982ರಲ್ಲಿ ಇದೇ ಬೆಳ್ಗೊಳದಲ್ಲಿ ಸಲ್ಲೇಖನದಿಂದ ಮುಡಿಪಿದನು. ಗಂಧವಾರಣ ಬಸದಿಯ ಬಳಿಯ ಕಂಬದ ಮೇಲಿನ ಅವನ ಶಾಸನದಲ್ಲಿ ಯುದ್ಧಕ್ಕಿಂತ ಅವನ ಚೆಂಡಾಟದ ಕೌಶಲದ ವರ್ಣನೆಯೇ ಹೆಚ್ಚು. ಮಾನ್ಯಖೇಟದ ಮಹಾ ಸಾಮ್ರಾಜ್ಯದ ಕೊನೆಯ ಹೆಸರು ಒಬ್ಬ ಒಳ್ಳೆಯ ಆಟಗಾರನದು.

ಹೊಯ್ಸಳರ ಕಾಲಕ್ಕೆ ಬರಹಗಳು ಉದ್ದವಾದವು, ಕೆತ್ತನೆ ಅಂದವಾಯಿತು. ಗಂಗಾಚಾರಿ ಎಂಬ ರೂವಾರಿ ತನ್ನ ಹೆಸರನ್ನೂ ಬಿರುದನ್ನೂ ಕೊನೆಯಲ್ಲಿ ಸೇರಿಸತೊಡಗಿದ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮನೆಯ ಚರಿತ್ರೆಯಂತೂ ಪೂರ್ತಿಯಾಗಿ ನಿಸಿದಿಗಳಲ್ಲಿಯೇ ಇದೆ. 1115ರಲ್ಲಿ ಮೇಘಚಂದ್ರ ತ್ರೈವಿದ್ಯದೇವರು, 1121ರಲ್ಲಿ ತಾಯಿ ಪೋಚಿಕಬ್ಬೆ, ಅದರ ಬೆನ್ನಿಗೆ ಹೆಂಡತಿ ಲಕ್ಷ್ಮಿ, 1123ರಲ್ಲಿ ಗುರು ಶುಭಚಂದ್ರರು. ತಲಕಾಡಿನಿಂದ ಚೋಳರನ್ನು ಓಡಿಸಿದ ವೀರನು ಎಂಟು ವರ್ಷದೊಳಗೆ ಇಷ್ಟು ಕಲ್ಲುಗಳನ್ನು ನಿಲ್ಲಿಸಬೇಕಾಯಿತು. ಅವನು ತೀರಿದ ಮೇಲೆ ಮಗ ಬೊಪ್ಪನು 1133ರಲ್ಲಿ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿಯನ್ನೇ ತಂದೆಯ ನೆನಪಿಗಾಗಿ ಕಟ್ಟಿಸಿದ. ಹೊಯ್ಸಳೇಶ್ವರ ನೋಡಿದವರು ದಯವಿಟ್ಟು ಅಲ್ಲಿಗೂ ಹೋಗಬೇಕು.

ನನ್ನನ್ನು ನಿಲ್ಲಿಸಿದ ಶಾಸನ ಮಾತ್ರ ಇನ್ನೊಂದು. ಪಟ್ಟಮಹಿಷಿ ಶಾಂತಲದೇವಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು. 1131ರ ಚೈತ್ರದಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಮಗಳ ಸಾವಿನ ಸುದ್ದಿ ಬಂದಾಗ, ರಾಣಿ ಹೋದಳು, ಇನ್ನು ನಾನು ಉಳಿಯಲಾರೆ ಎಂಬ ಅರ್ಥದ ಮಾತಾಡಿ ಮಾಚಿಕಬ್ಬೆ ಬೆಳ್ಗೊಳಕ್ಕೆ ಬಂದಳೆಂದೂ, ಗುರುಗಳ ಮುಂದೆ ಸನ್ಯಸನ ಕೈಕೊಂಡು, ಅರೆಮುಚ್ಚಿದ ಕಣ್ಣಿನಲ್ಲಿ ಪಂಚಪದ ಜಪಿಸುತ್ತ ಒಂದು ತಿಂಗಳ ಅನಶನದಿಂದ ಮುಡಿಪಿದಳೆಂದೂ ಶಾಸನ ಹೇಳುತ್ತದೆ. ನಾನು ಇದನ್ನು ಪುಸ್ತಕದಲ್ಲಿ ಮೊದಲು ಓದಿದ್ದು ತರುಣನಾಗಿದ್ದಾಗ. ಆಗ ಅದು ಭಕ್ತಿಯ ಮಾತಾಗಿ ಕೇಳಿತ್ತು. 2019ರ ಚಳಿಗಾಲದಲ್ಲಿ ಮತ್ತೆ ಅದರೆದುರು ನಿಂತಾಗ ಹಾಗೆ ಕೇಳಲಿಲ್ಲ. ಕಾರಣ ಹೇಳುತ್ತೇನೆ.

ನಮ್ಮ ತಂದೆಯವರು 2009ರಲ್ಲಿ ತೀರಿಕೊಂಡರು. ಮರುವರ್ಷ ತಾಯಿಯವರು ಊಟ ಕಡಿಮೆ ಮಾಡುತ್ತ ಬಂದು ಒಂದು ದಿನ ನನ್ನನ್ನು ಕೂರಿಸಿಕೊಂಡು, "ಅವರೇ ಹೋದ ಮೇಲೆ ನನಗೇನು ಕೆಲಸವೋ ಇಲ್ಲಿ? ನನಗೆ ಸಲ್ಲೇಖನ ಕೊಡಿಸು" ಎಂದರು. ಅವರಿಗೆ ಆಗ ಎಪ್ಪತ್ತಾರು ವರ್ಷ. ಮಂಡಿನೋವು ಬಿಟ್ಟರೆ ಹೇಳಿಕೊಳ್ಳುವ ಕಾಯಿಲೆ ಇರಲಿಲ್ಲ. ಆಗ ನನ್ನ ಮನಸ್ಸಿನಲ್ಲಿ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ದುಃಖದ ಜೊತೆಗೆ ಒಂದು ಹೆಮ್ಮೆಯೂ ಬಂದಿತು. ನಮ್ಮ ಮನೆತನದಲ್ಲಿ ಒಂದು ಸಮಾಧಿಮರಣ, ಊರೂರಿನಿಂದ ಜನ ದರ್ಶನಕ್ಕೆ ಬರುವುದು, ಪತ್ರಿಕೆಯಲ್ಲಿ ಭಾವಚಿತ್ರ. ನೆಂಟರಲ್ಲಿ ಇಬ್ಬರು ಮೆರವಣಿಗೆಯ ಮಾತನ್ನೂ ಎತ್ತಿದರು. ನಾನು ತಡೆಯಲಿಲ್ಲ.

ವಿಹಾರದಲ್ಲಿ ಹತ್ತಿರದಲ್ಲೇ ತಂಗಿದ್ದ ಮುನಿಮಹಾರಾಜರಲ್ಲಿಗೆ ಕರೆದುಕೊಂಡು ಹೋದೆ. ತಾಯಿಯವರು ನಮೋಸ್ತು ಹೇಳಿ ಕೋರಿಕೆಯನ್ನು ನಿವೇದಿಸಿದರು. ಮಹಾರಾಜರು ಬಹಳ ಹೊತ್ತು ಅವರನ್ನೇ ನೋಡಿ ಕೇಳಿದರು: "ಅಮ್ಮಾ, ಊಟ ಸೇರುತ್ತಿಲ್ಲವೋ, ಬೇಡವೆನ್ನಿಸುತ್ತಿದೆಯೋ?"

"ಸೇರುತ್ತೆ ಸ್ವಾಮಿ. ಬೇಡ ಅನ್ನಿಸ್ತಿದೆ."

"ಹಾಗಾದರೆ ಇದು ವ್ರತವಲ್ಲ, ದುಃಖ. ದುಃಖಕ್ಕೆ ನಾನು ವ್ರತ ಕೊಡಲಾರೆ. ಮನೆಗೆ ಹೋಗಿ ಗಂಜಿ ಕುಡಿಯಿರಿ."

ಆಮೇಲೆ ನನ್ನ ಕಡೆ ತಿರುಗಿ, ಗ್ರಂಥ ಓದಿದ್ದೀರಿ ತಾನೆ ಎಂದರು. ಅಷ್ಟು ಸಾಕಾಯಿತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಕಾರಣಗಳನ್ನು ಹೇಳಿದ್ದಾರೆ: ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ; ಅದೂ ಪ್ರತೀಕಾರವಿಲ್ಲದ್ದಾಗಿರಬೇಕು. ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಬದುಕುವ ಆಸೆಯ ಪಕ್ಕದಲ್ಲಿಯೇ ಸಾಯುವ ಆಸೆಯನ್ನೂ ಇಟ್ಟಿದೆ. ಇಪ್ಪತ್ತು ವರ್ಷ ಸ್ವಾಧ್ಯಾಯದಲ್ಲಿ ಈ ಸೂತ್ರವನ್ನು ಇತರರಿಗೆ ವಿವರಿಸಿದವನು ನಾನು. ತಾಯಿಯ ಬಾಯಿಂದ ಆ ಆಸೆ ಹೊರಟಾಗ ನನಗದು ಗುರುತಾಗಲಿಲ್ಲ.

ತಾಯಿಯವರು ದಾರಿಯುದ್ದಕ್ಕೂ ಮುನಿಸಿಕೊಂಡು ಬಂದರು. ಆದರೆ ಆ ರಾತ್ರಿ ಗಂಜಿ ಕುಡಿದರು. ಇನ್ನೂ ಮೂರು ವರ್ಷ ಬದುಕಿದ್ದು, ಮೊಮ್ಮಗಳಿಗೆ ಹೂ ಕಟ್ಟುವುದನ್ನು ಕಲಿಸಿ, ಸೊಸೆಯೊಡನೆ ಉಪ್ಪಿನಕಾಯಿಯ ಉಪ್ಪಿನ ವಿಷಯದಲ್ಲಿ ಜಗಳವಾಡಿ, 2013ರಲ್ಲಿ ನಾಲ್ಕು ದಿನದ ಜ್ವರದಲ್ಲಿ ಹೋದರು. ಕಿವಿಯಲ್ಲಿ ಪಂಚನಮಸ್ಕಾರ ಹೇಳಿದವನು ನಾನೇ.

ಅವರು ಹೋದ ಎರಡು ವರ್ಷಕ್ಕೆ, 2015ರ ಆಗಸ್ಟ್ 10ರಂದು, ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ಪರಿಗಣಿಸಿತು. ಸಮಾಜವೆಲ್ಲ ಬೀದಿಗಿಳಿಯಿತು, ನಾನೂ ಅಂಗಡಿ ಮುಚ್ಚಿ ಹಾಸನದ ಮೌನ ಮೆರವಣಿಗೆಗೆ ಹೋದೆ. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಸಲ್ಲೇಖನ ಆತ್ಮಹತ್ಯೆಯಲ್ಲ ಎಂದು ನಾವೆಲ್ಲರೂ ಅಂದು ಹೇಳಿದೆವು, ಅದು ನಿಜವೇ. ಆದರೆ ಪ್ರತಿಯೊಂದು ಕೋರಿಕೆಯೂ ಸಲ್ಲೇಖನವಲ್ಲ, ಬೇಡವೆನ್ನುವ ಗುರುವೂ ಈ ವ್ರತದ ಒಂದು ಅಂಗ ಎಂಬುದನ್ನು ನಾವು ಯಾರೂ ಫಲಕದಲ್ಲಿ ಬರೆಯಲಿಲ್ಲ. ನಮ್ಮ ಹಾಸನ ಜಿಲ್ಲೆಯಲ್ಲಿಯೇ ಎರಡರ ಅಂತರ ಕಲ್ಲಿನಲ್ಲಿದೆ. ಹಳೇಬೀಡಿನ ಹೊಯ್ಸಳೇಶ್ವರದ ಬಳಿ ಒಂದು ಗರುಡಗಂಬವುಂಟು. ಇಮ್ಮಡಿ ಬಲ್ಲಾಳನು ತೀರಿದಾಗ ಅವನಿಗೆ ಬದುಕನ್ನು ಒತ್ತೆಯಿಟ್ಟ ಕುವರಲಕ್ಷ್ಮನೂ ಸಂಗಡಿಗರೂ ಪ್ರಾಣ ಕೊಟ್ಟದ್ದರ ನೆನಪು. ಕತ್ತಿಯಿಂದ ತಮ್ಮ ತಲೆಯನ್ನೇ ಕಡಿದುಕೊಳ್ಳುವ ಭಟರು ಅದರ ಮೇಲೆ ಇದ್ದಾರೆ. ಅಲ್ಲಿ ಪ್ರತಿಜ್ಞೆಯುಂಟು, ಧೈರ್ಯವುಂಟು, ಆದರೆ ನಿಲ್ಲು ಎನ್ನುವವರಿಲ್ಲ. ನಿಸಿದಿಯ ಕಲ್ಲಿನಲ್ಲಿ ಮಧ್ಯೆ ಠವಣೆಕೋಲು, ಒಂದು ಕಡೆ ಗುರು, ಇನ್ನೊಂದು ಕಡೆ ಕೈಮುಗಿದ ಶ್ರಾವಕ ಅಥವಾ ಶ್ರಾವಕಿ. ಇಬ್ಬರೂ ಕುಳಿತಿರುತ್ತಾರೆ. ಆತುರವಿಲ್ಲ.

ಮಾಚಿಕಬ್ಬೆಯ ಗುರುಗಳು ಅವಳನ್ನು ಏನು ಕೇಳಿದರೋ ಶಾಸನದಲ್ಲಿಲ್ಲ. ಅವಳ ಮಾತೂ ನಮ್ಮ ತಾಯಿಯ ಮಾತೂ ಬಹುಮಟ್ಟಿಗೆ ಒಂದೇ. ಅವಳಿಗೆ ಒಪ್ಪಿಗೆ ದೊರಕಿತು, ಇವರಿಗೆ ದೊರಕಲಿಲ್ಲ. ಮಗಳ ಸಾವಿನಿಂದ ಹುಟ್ಟಿದ ದುಃಖ ಆ ಒಂದು ತಿಂಗಳಲ್ಲಿ ವೈರಾಗ್ಯವಾಗಿ ಮಾಗಿತೆಂದು ನಂಬಲು ನನಗೆ ಇಷ್ಟ. ಆದರೆ ಆ ಸಾಲನ್ನು ಈಗ ನಿರಾತಂಕವಾಗಿ ಓದಲಾರೆ.

ಬೆಟ್ಟದ ಮೇಲಿನ ಇಂತಹ ಮರಣದ ಕೊನೆಯ ಬರಹಗಳಲ್ಲಿ ಒಂದು 1809ರದು. ಭದ್ರಬಾಹು ಗುಹೆಯಲ್ಲಿ ಅಜಿತಕೀರ್ತಿದೇವರು ಒಂದು ತಿಂಗಳ ಅನಶನದಿಂದ ಸಮಾಧಿ ಹೊಂದಿದ್ದು. ಸಾವಿರದ ಇನ್ನೂರು ವರ್ಷಗಳ ಚರಿತ್ರೆ ಒಂದೇ ಬೆಟ್ಟದ ಮೇಲೆ ಇದೆ. ಅಳಿಯಂದಿರಿಗೆ ಇದನ್ನೆಲ್ಲ ಕಾಗದದಲ್ಲಿ ಬರೆದು ತಿಳಿಸಿದೆ. ಒಂದು ಸಂಗತಿಯನ್ನು ಮಾತ್ರ ಅವರಿಗೆ ಬರೆಯಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಈ ಪತ್ರಿಕೆ ಬಸದಿಗಳ ಟ್ರಸ್ಟುಗಳಿಗೆ ಹೋಗುತ್ತದೆ.

ನಮ್ಮ ಸೀಮೆಯ ಒಂದು ಬಸದಿಯ ಹೆಸರು ಹೇಳುವುದಿಲ್ಲ. 2004ರಲ್ಲಿ ಅದರ ಜೀರ್ಣೋದ್ಧಾರವಾದಾಗ ನಾನು ಖಜಾಂಚಿ. ಅಂಗಳದಲ್ಲಿ ಬಾವಿಯ ಪಕ್ಕ ಎರಡಡಿ ಎತ್ತರದ ಕಲ್ಲೊಂದು ವಾಲಿ ನಿಂತಿತ್ತು. ಮೇಲೆ ಮುಕ್ಕೊಡೆಯ ಕೆಳಗೆ ಜಿನಬಿಂಬ, ಅದರ ಕೆಳಗೆ ಗುರು, ಠವಣೆಕೋಲು, ಕೈಮುಗಿದ ಒಬ್ಬ ಹೆಂಗಸು; ಬುಡದಲ್ಲಿ ಸವೆದ ನಾಲ್ಕು ಸಾಲು ಬರಹ. ಸಾವಿನ ಕಲ್ಲು ಅಂಗಳದಲ್ಲಿರುವುದು ಶುಭವಲ್ಲವೆಂದು ಒಬ್ಬರೆಂದರು. ಗ್ರಾನೈಟ್ ಹಾಸಲು ಅದು ಅಡ್ಡವೆಂದು ಮೇಸ್ತ್ರಿ ಹೇಳಿದ. ಬೋರಲು ಹಾಕಿ ಮೇಲೆ ಚಪ್ಪಡಿ ಹಾಸುವುದೆಂದು ತೀರ್ಮಾನವಾಯಿತು. ಹಳೆಯ ಕಲ್ಲು ಮಗುಚಿದ ಕೂಲಿ ಎಂದು ಬರೆದು 350 ರೂಪಾಯಿಯ ವೋಚರಿಗೆ ಸಹಿ ಮಾಡಿದವನು ನಾನು. ಬರಹದ ಅಚ್ಚು ತೆಗೆಸಬೇಕೆಂದು ಯಾರಿಗೂ ತೋಚಲಿಲ್ಲ. ಶಾಸನ ಸಂಪುಟ ಮನೆಯಲ್ಲಿಟ್ಟುಕೊಂಡಿದ್ದ ನನಗೂ ತೋಚಲಿಲ್ಲ. ತಾಯಿಯವರು ಮದುವೆಯಾಗಿ ಬಂದಾಗಿನಿಂದ ಆ ಕಲ್ಲಿಗೆ ಒಂದು ಹೂವಿಟ್ಟು ಒಳಗೆ ಹೋಗುತ್ತಿದ್ದವರು. ಹೊಸ ನೆಲ ನೋಡಿ, "ಯಾರ ಮನೆ ಹೆಣ್ಣುಮಗಳೋ, ಬೋರಲು ಹಾಕಿಬಿಟ್ಟಿರಲ್ಲೋ" ಎಂದರು. ನಾನು ನಕ್ಕೆ.

ಈಗ ಅಲ್ಲಿ ದಾನಿಗಳ ಹೆಸರಿನ ಚಪ್ಪಡಿ ಇದೆ. ಮೂರನೆಯ ಸಾಲಿನಲ್ಲಿ ನಮ್ಮ ತಂದೆಯವರ ಹೆಸರು.

ಡಬ್ಲಿನ್ನಿನಿಂದ ಬಂದ ಮೇಲೆ ಟ್ರಸ್ಟಿಗೆ ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ನೆಲ ಕೆಡುತ್ತದೆ ಎಂಬುದು ಕೆಲವರ ಆಕ್ಷೇಪಣೆ. ಜಿನಬಿಂಬದ ಎದುರಿಗೆ ಸಾವಿನ ಕಲ್ಲನ್ನು ಮತ್ತೆ ನಿಲ್ಲಿಸುವುದೇ ಎಂದು ಒಬ್ಬ ಹಿರಿಯರು ಕೇಳಿದರು. ಚಿಕ್ಕಬೆಟ್ಟದಲ್ಲಿ ಬಸದಿಗಳ ನಡುವೆ ನಿಂತಿರುವುದೇನು ಸ್ವಾಮಿ ಎಂದೆ. ಅವರು ಉತ್ತರ ಕೊಡಲಿಲ್ಲ, ಒಪ್ಪಲೂ ಇಲ್ಲ. ಬೇರೆ ಟ್ರಸ್ಟಿನವರಲ್ಲಿ ನನ್ನ ವಿನಂತಿ ಒಂದೇ: ನೆಲ ಹಾಸುವ ಮುನ್ನ ಪುರಾತತ್ತ್ವ ಇಲಾಖೆಯವರನ್ನೋ ಹತ್ತಿರದ ಕಾಲೇಜಿನ ಇತಿಹಾಸದ ಅಧ್ಯಾಪಕರನ್ನೋ ಒಮ್ಮೆ ಕರೆಸಿ, ಅಂಗಳದ ಪ್ರತಿಯೊಂದು ಕಲ್ಲನ್ನೂ ತೋರಿಸಿ. ಸುಣ್ಣ ಬಣ್ಣ ಬಳಿಸಬೇಡಿ.

ಆ ಮೇಸ್ತ್ರಿ ಈಗಿಲ್ಲ. ಅವನ ಜೊತೆ ಅಂದು ಕೆಲಸಕ್ಕೆ ಬಂದಿದ್ದ ಮಗನು ಸ್ಥಳವನ್ನು ಗುರುತಿಸಿ ಕೊಟ್ಟಿದ್ದಾನೆ: ಬಾವಿಯ ಕಡೆಯಿಂದ ಎರಡನೆಯ ಸಾಲು. ನಾಲ್ಕು ಚಪ್ಪಡಿ ಎಬ್ಬಿಸಬೇಕು. ಅದರ ಖರ್ಚನ್ನು ಟ್ರಸ್ಟಿನ ಖಾತೆಗೆ ಕಟ್ಟಿ ರಸೀದಿ ಪಡೆದಿದ್ದೇನೆ. ದಾನಿಗಳ ಹೆಸರಿನ ಚಪ್ಪಡಿ ಎಬ್ಬಿಸುವಾಗ ಒಡೆದರೂ ನಮ್ಮ ಮನೆಯವರ ತಕರಾರಿಲ್ಲವೆಂದು ತಮ್ಮನ ಸಹಿಯನ್ನೂ ಹಾಕಿಸಿ ಬರೆದುಕೊಟ್ಟಿದ್ದೇನೆ. ದಶಲಕ್ಷಣ ಪರ್ವ ಮುಗಿದ ಮೇಲೆ ಸಭೆ ಕರೆಯುತ್ತಾರಂತೆ.